ರೇಡಿಯೊ ಮುಳ್ಳು ತೋರಿದ ದಾರಿ: ಐರ್ಲೆಂಡಿನಲ್ಲಿ ಆರು ದಿನ

ಮೊದಲ ದಿನ, ಸೋಮವಾರ: ಡಬ್ಲಿನ್

ಐರ್ಲೆಂಡಿನ ಹಾಡು ಇಂದು ಜಗತ್ತಿನ ಮೂಲೆಮೂಲೆಯಲ್ಲಿ ಕೇಳುತ್ತದೆ. ಅದನ್ನು ಮೊದಲು ತಮ್ಮ ಊರಿನವರಿಗೇ ಕೇಳಿಸಿದವರು ಆಗಿನ್ನೂ ಮೂವತ್ತು ದಾಟದ ಕೆಲವು ರೇಡಿಯೊ ನಿರೂಪಕರು. ಅವರು ಮೈಕು ಹಿಡಿದು ಓಡಾಡಿದ ಊರುಗಳನ್ನು ಒಂದೇ ದಾರಿಯಲ್ಲಿ ಪೋಣಿಸಿ ನೋಡುವುದು ಈ ಪ್ರವಾಸದ ಉದ್ದೇಶ. ಜುಲೈ ಮೊದಲ ವಾರವನ್ನು ಆರಿಸಿದ್ದಕ್ಕೆ ಎರಡು ಕಾರಣ: ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಮತ್ತು ಕ್ಲೇರ್ ಕೌಂಟಿಯ ವಿಲ್ಲಿ ಕ್ಲಾನ್ಸಿ ಬೇಸಿಗೆ ಸಂಗೀತ ಶಾಲೆ ನಡೆಯುವುದು ಆಗಲೇ.

ವೀಸಾದ ಮಾತು ಮೊದಲೇ ಹೇಳಿಬಿಡಬೇಕು. ಬೆಲ್‌ಫಾಸ್ಟ್ ಇರುವುದು ಬ್ರಿಟನ್ನಿನ ಆಡಳಿತದಲ್ಲಿ. ರಸ್ತೆಯಲ್ಲಿ ಗಡಿ ಕಾಣುವುದಿಲ್ಲ, ಗೇಟಿಲ್ಲ, ತಪಾಸಣೆಯೂ ಇಲ್ಲದಿರಬಹುದು. ಆದರೆ ಐರಿಷ್ ವೀಸಾ ಒಂದರಿಂದಲೇ ಆ ಕಡೆ ಕಾಲಿಡುವುದು ಕಾನೂನಿಗೆ ವಿರುದ್ಧ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಎಂಬುದಿದೆ. ಆ ಯೋಜನೆಯ ಗುರುತು ವೀಸಾದ ಮೇಲೆ ಇದ್ದರೆ ಒಂದರಲ್ಲೇ ಎರಡೂ ಕಡೆ ಓಡಾಡಬಹುದು. ಕೈಗೆ ಬಂದ ಕೂಡಲೇ ಆ ಗುರುತು ಇದೆಯೇ ಎಂದು ನೋಡಿಕೊಳ್ಳಿ.

ಬೆಳಿಗ್ಗೆ ಮೆರಿಯನ್ ಸ್ಕ್ವೇರ್‌ನ 73ನೇ ಮನೆ. 1987ರಲ್ಲಿ ಶುರುವಾದ ಐರಿಷ್ ಸಾಂಪ್ರದಾಯಿಕ ಸಂಗೀತದ ಆರ್ಕೈವ್ ಈಗ ಇಲ್ಲಿದೆ. ವಾರದ ದಿನಗಳಲ್ಲಿ ಯಾರು ಬೇಕಾದರೂ ಹೋಗಿ ಕುಳಿತು ಕೇಳಬಹುದು. ಇಲ್ಲಿ ಕೇಳಲೇಬೇಕಾದದ್ದು ಷೇಮಸ್ ಎನ್ನಿಸ್ ಮತ್ತು ಕಿಯರಾನ್ ಮ್ಯಾಕ್ ಮಹೂನ ಅವರ ಧ್ವನಿಮುದ್ರಣಗಳು. ಎನ್ನಿಸ್ 1947ರಲ್ಲಿ ಸರ್ಕಾರಿ ರೇಡಿಯೊಗೆ ಸೇರಿದಾಗ ಇಪ್ಪತ್ತೆಂಟು ವರ್ಷದವರು. ಅದಕ್ಕೂ ಮೊದಲು ಜಾನಪದ ಆಯೋಗಕ್ಕಾಗಿ ಸೈಕಲ್ಲಿನಲ್ಲಿ ಊರೂರು ಸುತ್ತಿ ಹಾಡು ಬರೆದುಕೊಂಡವರು. ಆಗ ಟೇಪ್ ಬಂದಿರಲಿಲ್ಲ. ಅಲ್ಯೂಮಿನಿಯಂ ತಟ್ಟೆಗೆ ಮೆರುಗೆಣ್ಣೆ ಬಳಿದು, ತಿರುಗುವ ತಟ್ಟೆಯ ಮೇಲೆ ಸೂಜಿಯಿಂದ ನೇರವಾಗಿ ಗೀರುವುದೇ ಧ್ವನಿಮುದ್ರಣ. ಒಂದು ಮುಖಕ್ಕೆ ನಾಲ್ಕೈದು ನಿಮಿಷ, ಅಷ್ಟೇ. ಗೀರಿದಂತೆ ಕೂದಲಿನಂಥ ಎಳೆ ಎದ್ದು ಬರುತ್ತದೆ. ಅದನ್ನು ಕುಂಚದಿಂದ ಒಳಮುಖವಾಗಿ ತಳ್ಳುತ್ತಲೇ ಇರಬೇಕು. ಸೂಜಿಗೆ ಸಿಕ್ಕಿಕೊಂಡರೆ ಗೀರು ಕೆಟ್ಟು ತಟ್ಟೆಯೇ ಹಾಳು, ಮತ್ತು ಆ ಎಳೆಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಹಳ್ಳಿಮನೆಗಳಿಗೆ ಕರೆಂಟು ಇನ್ನೂ ತಲುಪದ ಕಾಲ. ಹಳೆಯ ಹಾಡುಗಳು ಏಕೆ ಅಷ್ಟು ಮೊಟಕಾಗಿ, ಕೆಲವೊಮ್ಮೆ ನಡುಚರಣದಲ್ಲೇ ನಿಲ್ಲುತ್ತವೆ ಎಂಬುದು ಇದನ್ನು ತಿಳಿದ ಮೇಲೆ ಅರ್ಥವಾಗುತ್ತದೆ. ನಿಂತದ್ದು ಗಾಯಕರಲ್ಲ, ಮುಗಿದದ್ದು ತಟ್ಟೆ.

ಮಧ್ಯಾಹ್ನ ಡಾರ್ಟ್ ರೈಲಿನಲ್ಲಿ ಹೌತ್. ಪೇಟೆಯಿಂದ ಸುಮಾರು ಅರ್ಧ ಗಂಟೆ. ಲೀಪ್ ಕಾರ್ಡ್ ಇದ್ದರೆ ಟಿಕೆಟಿಗಿಂತ ಅಗ್ಗ, ಆದರೆ ಇಳಿದಾಗಲೂ ಕಾರ್ಡ್ ತಾಗಿಸಬೇಕು. ಮರೆತರೆ ಹೆಚ್ಚಿನ ದರ ಕಡಿತವಾಗುತ್ತದೆ. ಬಂದರಿನ ಮೇಲಿನ ಗುಡ್ಡದಲ್ಲಿ ದುಂಡನೆಯ ಕಲ್ಲಿನ ಮಾರ್ಟೆಲ್ಲೊ ಗೋಪುರ, ಅದರೊಳಗೆ ಹರ್ಡಿ ಗರ್ಡಿ ರೇಡಿಯೊ ಸಂಗ್ರಹಾಲಯ. ಮೆಟ್ಟಿಲು ಕಡಿದು, ಕೋಣೆಗಳು ಕಿರಿದು. ದೊಡ್ಡ ಬ್ಯಾಗು ಹೊತ್ತು ಹೋದರೆ ತಿರುಗಲೂ ಜಾಗವಿಲ್ಲ. ಚಳಿಗಾಲದಲ್ಲಿ ಶನಿವಾರ, ಭಾನುವಾರ ಮಾತ್ರ ತೆರೆದಿರುತ್ತದೆ. 1852ರಲ್ಲಿ ವೇಲ್ಸ್‌ನ ಹೋಲಿಹೆಡ್‌ನಿಂದ ಸಮುದ್ರದಡಿಯ ತಂತಿ ಬಂದು ಹತ್ತಿದ್ದು ಈ ಹೌತ್‌ಗೇ. ನಮ್ಮ ಹಳೆಯ ಮರ್ಫಿ ರೇಡಿಯೊಗಳ ಗಾಜಿನ ಮೇಲೆ ಊರ ಹೆಸರು ಬರೆದಿರುತ್ತಿದ್ದಂತೆ ಇಲ್ಲಿನ ಪೆಟ್ಟಿಗೆಗಳ ಮೇಲೂ ಊರುಗಳ ಸಾಲು, ಅವುಗಳ ನಡುವೆ ‘ಅಥ್ಲೋನ್’. ನಾಳೆಯ ದಾರಿ ಅಲ್ಲಿಗೇ.

ಸಂಜೆ ಗ್ರಾಫ್ಟನ್ ಬೀದಿ. ಹತ್ತು ಹೆಜ್ಜೆಗೊಬ್ಬರು ಹಾಡುತ್ತಾರೆ. ಎಲ್ಲರ ಬಳಿಯೂ ಡಬ್ಲಿನ್ ಪಾಲಿಕೆಯ ಪರವಾನಗಿ ಇರಬೇಕು, ಆಂಪ್ಲಿಫೈಯರ್ ಬಳಸುವವರಿಗೆ ಶುಲ್ಕ ಬೇರೆ. ಗ್ಲೆನ್ ಹ್ಯಾನ್ಸರ್ಡ್ ಹದಿಮೂರನೇ ವಯಸ್ಸಿಗೆ ಶಾಲೆ ಬಿಟ್ಟು ಹಾಡಲು ನಿಂತದ್ದು ಈ ಬೀದಿಯಲ್ಲೇ. ಮುಂದೆ ಹೆಸರಾದ ಮೇಲೂ ಕ್ರಿಸ್‌ಮಸ್ ಮುನ್ನಾದಿನ ಇಲ್ಲಿಗೆ ಬಂದು, ಮನೆಯಿಲ್ಲದವರಿಗೆ ದುಡಿಯುವ ಸೈಮನ್ ಕಮ್ಯುನಿಟಿಗಾಗಿ ಗೆಳೆಯರೊಡನೆ ಹಾಡಿದರು. ಹಾಡುವವರ ಮುಂದಿನ ಗಿಟಾರ್ ಪೆಟ್ಟಿಗೆಗೂ ಧರ್ಮಾರ್ಥದ ಡಬ್ಬಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿದೆ. ಬೀದಿಯಲ್ಲಿ ದಾನ ಸಂಗ್ರಹಿಸಬೇಕಾದರೆ 1962ರ ಕಾಯಿದೆಯಂತೆ ಗಾರ್ಡಾ, ಅಂದರೆ ಪೊಲೀಸರ, ಅನುಮತಿ ಬೇಕು. ಡಬ್ಬಿಗೆ ಮುದ್ರೆ ಹಾಕಿರಬೇಕು. ದಾನ ಹಾಕುವವರು ಸಂಸ್ಥೆಯ ನೋಂದಣಿ ಸಂಖ್ಯೆ ಕೇಳಬಹುದು. ಅಲ್ಲಿ ಹಾಗೆ ಕೇಳುವುದನ್ನು ಯಾರೂ ಅನುಮಾನವೆಂದು ತಿಳಿಯುವುದಿಲ್ಲ.

ಎರಡನೇ ದಿನ, ಮಂಗಳವಾರ: ಅಥ್ಲೋನ್

ಕಾರು ಪಡೆದದ್ದು ವಿಮಾನ ನಿಲ್ದಾಣದಲ್ಲಿ. ನಮ್ಮಂತೆಯೇ ಎಡಬದಿಯ ಚಾಲನೆ, ಹಾಗಾಗಿ ಕೈಗೆ ಬೇಗ ಹೊಂದುತ್ತದೆ. ಎಡವುವುದು ಎಂ50 ವರ್ತುಲ ರಸ್ತೆಯ ಟೋಲಿನಲ್ಲಿ. ಅಲ್ಲಿ ಗೇಟು, ಕಟ್ಟೆ ಏನೂ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತದೆ. ಮರುದಿನ ರಾತ್ರಿ ಎಂಟರೊಳಗೆ ಆನ್‌ಲೈನಿನಲ್ಲಿ ಕಟ್ಟದಿದ್ದರೆ ದಂಡ. ಕೆಲವು ಬಾಡಿಗೆ ಕಂಪನಿಗಳು ತಾವೇ ಕಟ್ಟಿ ಆಮೇಲೆ ಹಿಡಿದುಕೊಳ್ಳುತ್ತವೆ. ಕೀ ಕೈಗೆ ಬರುವ ಮೊದಲೇ ಕೇಳಿಕೊಂಡರೆ ಎರಡು ಸಲ ಕಟ್ಟುವುದು ತಪ್ಪುತ್ತದೆ.

ಕಾರಿನ ರೇಡಿಯೊ ಇನ್ನೊಂದು ತೊಡಕು. ಹೊಸ ಕಾರುಗಳ ರೇಡಿಯೊ ಶುರುವಾಗುವುದೇ ಡಿಎಬಿ ಎಂಬ ಡಿಜಿಟಲ್ ಪ್ರಸಾರದಲ್ಲಿ, ಎಷ್ಟು ಹುಡುಕಿದರೂ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಆರ್‌ಟಿಇ ಸಿಗುವುದಿಲ್ಲ. ಪೆಟ್ಟಿಗೆ ಕೆಟ್ಟಿಲ್ಲ: ಆರ್‌ಟಿಇ ತನ್ನ ಡಿಎಬಿ ಪ್ರಸಾರವನ್ನು 2021ರ ಮಾರ್ಚ್ ಕೊನೆಗೆ ನಿಲ್ಲಿಸಿದೆ. ಎಫ್‌ಎಂಗೆ ಬದಲಿಸಿ 88ರಿಂದ 90ರವರೆಗೆ ಹುಡುಕಿದರೆ ರೇಡಿಯೊ ಒನ್, 90ರಿಂದ 92ರವರೆಗೆ ಟು ಎಫ್‌ಎಂ, 92ರಿಂದ 94ರವರೆಗೆ ಐರಿಷ್ ಭಾಷೆಯ ರೇಡಿಯೊ ನ ಗೇಲ್ಟಾಕ್ಟ. ಸೆಟ್ಟಿಂಗಿನಲ್ಲಿ ‘ಎಎಫ್’ ಚಾಲೂ ಮಾಡಿಟ್ಟರೆ ಗುಡ್ಡ ದಾಟಿದಂತೆ ಪೆಟ್ಟಿಗೆಯೇ ಹತ್ತಿರದ ಗೋಪುರಕ್ಕೆ ಜಿಗಿಯುತ್ತದೆ.

ಟು ಎಫ್‌ಎಂ ಹುಟ್ಟಿದ್ದು 1979ರ ಮೇ 31ರಂದು, ರೇಡಿಯೊ ಟು ಎಂಬ ಹೆಸರಿನಲ್ಲಿ. ಅದಕ್ಕೂ ಮೊದಲು ಡಬ್ಲಿನ್ನಿನ ಹುಡುಗರಿಗೆ ರಾಕ್ ಸಂಗೀತ ಕೇಳಿಸುತ್ತಿದ್ದುದು ಪರವಾನಗಿಯಿಲ್ಲದ ಕಳ್ಳ ಕೇಂದ್ರಗಳು. ಅಲ್ಲಿಂದಲೇ ಬಂದವರು ಡೇವ್ ಫ್ಯಾನಿಂಗ್. ಅವರ ಕಾರ್ಯಕ್ರಮಕ್ಕೆ ಊರ ಬ್ಯಾಂಡುಗಳು ಕ್ಯಾಸೆಟ್ ಕಳಿಸುತ್ತಿದ್ದವು. ಚೆನ್ನಾಗಿದ್ದವರನ್ನು ಸ್ಟುಡಿಯೊಗೆ ಕರೆಸಿ ಹಾಡಿಸಿ ಮುದ್ರಿಸಿಕೊಳ್ಳುತ್ತಿದ್ದರು. ಹಣ ಕೊಟ್ಟು ಸ್ಟುಡಿಯೊ ಹಿಡಿಯಲಾಗದ ಹುಡುಗರಿಗೆ ಅದೇ ಮೊದಲ ಅಚ್ಚುಕಟ್ಟಾದ ಧ್ವನಿಮುದ್ರಣ. ಡಬ್ಲಿನ್ನಿನ ರಾಕ್ ತಂಡ ಯು2 ತನ್ನ ಮೊದಲ ತಟ್ಟೆ ತರುವಾಗ ಮೂರು ಹಾಡುಗಳಲ್ಲಿ ಯಾವುದು ಮುಖ್ಯವಾಗಬೇಕೆಂದು ನಿರ್ಧರಿಸಿದ್ದು ಫ್ಯಾನಿಂಗ್ ಅವರ ಕೇಳುಗರು. ಆ ತಟ್ಟೆಯ ಹನ್ನೆರಡು ಇಂಚಿನ ಪ್ರತಿಗಳು ಸಂಖ್ಯೆ ಬರೆದ ಸಾವಿರ ಮಾತ್ರ.

ಅಥ್ಲೋನ್ ದ್ವೀಪದ ಹೆಚ್ಚುಕಡಿಮೆ ನಟ್ಟನಡುವೆ ಇದೆ. ಮೀಡಿಯಂ ವೇವ್ ನೆಲಕ್ಕಂಟಿ ಹರಿಯುತ್ತದೆ. ಒಂದೇ ಕೇಂದ್ರದಿಂದ ಎಲ್ಲ ಅಂಚುಗಳಿಗೂ ತಲುಪಬೇಕಾದರೆ ನಡುವೆಯೇ ನಿಲ್ಲಿಸಬೇಕು. 1932ರ ಜೂನ್‌ನಲ್ಲಿ ಡಬ್ಲಿನ್ನಿನ ಕ್ಯಾಥೊಲಿಕ್ ಮಹಾಸಮ್ಮೇಳನದ ಹೊತ್ತಿಗೆ ಇಲ್ಲಿಗೆ ಹತ್ತಿರದ ಮೋಯ್‌ಡ್ರಮ್‌ನಿಂದ ಪ್ರಸಾರ ಶುರುವಾಯಿತು. ಅದೇ ಮೋಯ್‌ಡ್ರಮ್‌ನಲ್ಲಿ 1921ರಲ್ಲಿ ಸುಟ್ಟುಹೋದ ಕೋಟೆಮನೆಯೊಂದಿದೆ. ಬಳ್ಳಿ ಹಬ್ಬಿದ ಗೋಡೆಗಳಷ್ಟೇ ಉಳಿದಿವೆ, ಯು2 ತಂಡದ 1984ರ ಆಲ್ಬಮ್ಮಿನ ಮುಖಪುಟದಲ್ಲಿರುವುದು ಅದೇ. ದೇಶದ ರೇಡಿಯೊ ಮೊದಲು ದೂರ ಕೇಳಿಸಿದ ನೆಲ, ಆ ರೇಡಿಯೊ ಬೆಳೆಸಿದ ತಂಡದ ಚಿತ್ರದ ನೆಲ, ಎರಡೂ ಒಂದೇ ಊರು. ಜಾಗ ಖಾಸಗಿ ಹೊಲದೊಳಗಿದೆ. ಬೇಲಿ ಹಾರದೆ ರಸ್ತೆಯಿಂದಲೇ ನೋಡಬೇಕು. ಕಿರಿದಾದ ರಸ್ತೆ, ನಡುವೆ ಹುಲ್ಲು. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಸರಿದು ಗೇಟಿನ ಬಾಯಲ್ಲಿ ನಿಲ್ಲುವುದೇ ಪದ್ಧತಿ. ದಾಟಿಹೋಗುವಾಗ ಚಾಲಕ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುತ್ತಾನೆ, ನಾವೂ ಎತ್ತಬೇಕು. ಇಂಥ ರಸ್ತೆಗಳ ಮಿತಿ 2025ರಿಂದ ಗಂಟೆಗೆ 60 ಕಿಲೋಮೀಟರ್; ನಲವತ್ತಕ್ಕಿಂತ ಜೋರಾಗಿ ಹೋಗಲು ಮನಸ್ಸೂ ಬರುವುದಿಲ್ಲ.

ಊಟದ ಒಂದು ಎಚ್ಚರಿಕೆ. ಮೆನುವಿನ ‘ಟೋಸ್ಟೆಡ್ ಸ್ಪೆಷಲ್’ ಒಳಗೆ ಹಂದಿಮಾಂಸ ಇರುತ್ತದೆ. ಬರೀ ಚೀಸ್ ಎಂದು ಬಿಡಿಸಿ ಹೇಳಬೇಕು. ತರಕಾರಿ ಸೂಪಿಗೂ ಕೋಳಿಯ ಕಟ್ಟು ಹಾಕಿರಬಹುದು, ಕೇಳಿದರೆ ಅಡುಗೆಮನೆಗೆ ಹೋಗಿ ವಿಚಾರಿಸಿ ಬರುತ್ತಾರೆ. ಜೊತೆಗೆ ಕೊಡುವ ಸೋಡಾ ಹಾಕಿದ ಕಂದು ಬ್ರೆಡ್ಡು ಬಿಸಿಯಿದ್ದಾಗ ಬೆಣ್ಣೆಯೊಂದೇ ಸಾಕು.

ಮೂರನೇ ದಿನ, ಬುಧವಾರ: ಮಿಲ್ಟೌನ್ ಮಾಲ್ಬೇ

ಎನ್ನಿಸ್ ಪೇಟೆ ದಾಟಿ ಲಹಿಂಚ್ ತಲುಪುವಷ್ಟರಲ್ಲಿ ಮಳೆ ಮೂರು ಸಲ ಬಂದು ಹೋಯಿತು. ಮಳೆ ಎನ್ನುವುದಕ್ಕಿಂತ ಅಟ್ಲಾಂಟಿಕ್‌ನಿಂದ ಅಡ್ಡ ಬೀಸುವ ತುಂತುರು. ಕೊಡೆ ತಿರುಗಿಬೀಳುತ್ತದೆ, ಟೊಪ್ಪಿಯಿರುವ ಜಾಕೆಟ್ ಬೇಕು.

ಮಿಲ್ಟೌನ್ ಮಾಲ್ಬೇ ಒಂದೇ ಮುಖ್ಯ ಬೀದಿಯ ಊರು. ಪೈಪ್ ವಾದಕ ವಿಲ್ಲಿ ಕ್ಲಾನ್ಸಿ 1973ರ ಆರಂಭದಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಹೆಸರಿನಲ್ಲಿ ಶಾಲೆ ಶುರುವಾಯಿತು. ಈ ವಾರ ಊರಿನಲ್ಲಿ ಕೋಣೆ ಸಿಗುವುದಿಲ್ಲ, ಲಹಿಂಚ್ ಅಥವಾ ಎನ್ನಿಸ್‌ನಲ್ಲಿ ತಿಂಗಳುಗಳ ಮೊದಲೇ ಹಿಡಿಯಬೇಕು. ಬೆಳಿಗ್ಗೆ ತರಗತಿಗಳು, ಮಧ್ಯಾಹ್ನದಿಂದ ನಡುರಾತ್ರಿಯವರೆಗೆ ಪಬ್ಬು, ಅಡುಗೆಮನೆ, ಅಂಗಡಿಯ ಮೂಲೆ ಎಲ್ಲೆಲ್ಲೂ ವಾದ್ಯ.

ಮ್ಯಾಕ್ ಮಹೂನ ಈ ಸೀಮೆಗೆ ಬಂದದ್ದು 1955ರಲ್ಲಿ. ಹಿಂದಿನ ವರ್ಷವಷ್ಟೇ ರೇಡಿಯೊ ಸೇರಿದ್ದರು, ವಯಸ್ಸು ಮೂವತ್ತರ ಹೊಸ್ತಿಲಲ್ಲಿ. ವಾದಕರನ್ನು ಡಬ್ಲಿನ್ನಿಗೆ ಕರೆಸದೆ, ಮುದ್ರಣದ ವ್ಯಾನನ್ನೇ ಅವರ ಮನೆ ಬಾಗಿಲಿಗೆ ತಂದರು. ಇದು ಬರೀ ಸೌಕರ್ಯದ ಮಾತಲ್ಲ. ಪೇಟೆಯ ಸ್ಟುಡಿಯೊದಲ್ಲಿ ಕೈ ನಡುಗುವ ರೈತ ತನ್ನ ಒಲೆಯ ಮುಂದೆ, ನೆರೆಯವರ ಕಾಲಿನ ತಾಳದ ನಡುವೆ, ಬೇರೆಯೇ ವಾದಕ. ಆಮೇಲೆ ಅದೇ ವಾದನ ರೇಡಿಯೊದಲ್ಲಿ ಹೆಸರು, ಊರು ಸಮೇತ ಬಂದಾಗ, ‘ಹಳ್ಳಿಯವರ ಹಳೇ ಸಂಗೀತ’ ಎಂದು ನಾಚುತ್ತಿದ್ದವರು ತಲೆ ಎತ್ತಿದರು. ಕ್ಲೇರ್‌ನ ಸಂಗೀತ ಇಂದು ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಆ ವ್ಯಾನಿನ ಪಾಲು ದೊಡ್ಡದು. ಅವರ ಭಾನುವಾರ ಬೆಳಗಿನ ಕಾರ್ಯಕ್ರಮ 1970ರಿಂದ 2005ರವರೆಗೆ ಮೂವತ್ತೈದು ವರ್ಷ ನಡೆಯಿತು.

ಇಲ್ಲಿ ಟಿನ್ ವಿಸಲ್ ಎಂಬ ತಗಡಿನ ಕೊಳಲು ಕೊಳ್ಳುವವರು ‘ಡಿ’ ಶ್ರುತಿಯದನ್ನೇ ಕೇಳಿ ಕೊಳ್ಳಬೇಕು. ಕೂಟದ ಹೆಚ್ಚಿನ ಮಟ್ಟುಗಳು ಡಿ ಅಥವಾ ಜಿಯಲ್ಲಿ ಇರುತ್ತವೆ. ‘ಸಿ’ ಶ್ರುತಿಯದನ್ನು ತಂದರೆ ಯಾರ ಜೊತೆಯೂ ಸೇರದು. ಆರು ರಂಧ್ರ, ಬೆಲೆ ಹತ್ತು ಹದಿನೈದು ಯೂರೊ. ಇಲ್ಲನ್ ಪೈಪ್ ಬೇರೆಯೇ ಲೋಕ. ತೋಳಿನಡಿ ತಿದಿ ಒತ್ತಿ ಗಾಳಿ ತುಂಬುತ್ತಾರೆ, ಬಾಯಿಂದ ಊದುವುದಿಲ್ಲ. ಶ್ರುತಿಪೆಟ್ಟಿಗೆಯಂತೆ ಆಧಾರಸ್ವರ ಕೊಡುವ ಕೊಳವೆಗಳು ತೊಡೆಯ ಮೇಲೆ ಅಡ್ಡ ಮಲಗಿರುತ್ತವೆ. ಇದರ ನಾಲಗೆ ಜೊಂಡಿನದು, ತೇವದ ಹವೆಗೆ ಹದವಾದದ್ದು. ಒಣ ಸೀಮೆಗೆ ಒಯ್ದರೆ ಶ್ರುತಿ ಕೆಡುತ್ತದೆ, ಮೇಲಿನ ಸ್ವರಗಳು ಕೀರಲಾಗುತ್ತವೆ. ಬಳ್ಳಾರಿಯ ಬೇಸಿಗೆಗೆ ಇದನ್ನು ಕೊಂಡೊಯ್ಯುವ ಆಸೆಯಿದ್ದರೆ ಪೆಟ್ಟಿಗೆಯೊಳಗೆ ತೇವ ಕಾಯುವ ವ್ಯವಸ್ಥೆ ಮೊದಲು ಆಗಬೇಕು.

ನಾಲ್ಕನೇ ದಿನ, ಗುರುವಾರ: ಡೂಲಿನ್, ಬರೆನ್, ಗಾಲ್ವೇ

ಡೂಲಿನ್‌ನಲ್ಲಿ ಮಧ್ಯಾಹ್ನದ ಕೂಟ ಸಿಕ್ಕಿತು. ಪಕ್ಕದಲ್ಲಿದ್ದ ವಯಸ್ಸಾದ ಪಿಟೀಲು ವಾದಕರು ಬಿಡುವಿನಲ್ಲಿ ನಿಯಮಗಳನ್ನು ಹೇಳಿದರು. ವಾದಕರ ಸುತ್ತಿನ ಖಾಲಿ ಕುರ್ಚಿ ಖಾಲಿಯಲ್ಲ, ಬರಬೇಕಾದ ವಾದಕರದು. ಸಾಮಾನ್ಯವಾಗಿ ಮೂರು ಮಟ್ಟು ಸೇರಿ ಒಂದು ಸೆಟ್, ಪ್ರತಿ ಮಟ್ಟು ಎರಡು ಮೂರು ಸಲ. ಬೋಡ್ರಾನ್ ಎಂಬ ಚರ್ಮವಾದ್ಯ ಕೂಟಕ್ಕೊಂದೇ ಸಾಕು, ಎರಡಾದರೆ ತಾಳ ಕಲೆಸುತ್ತದೆ. ಮೇಕೆಚರ್ಮದ್ದಾದ್ದರಿಂದ ಮಳೆಗಾಳಿಗೆ ಸಡಿಲಾಗುತ್ತದೆ, ಒಲೆಯ ಹತ್ತಿರ ಬಿಗಿಯಾಗುತ್ತದೆ. ಯಾರಾದರೂ ಒಂಟಿಯಾಗಿ ಹಾಡಲು ಶುರು ಮಾಡಿದರೆ ಗ್ಲಾಸು ಇಡುವ ಸದ್ದೂ ಆಗಬಾರದು. ಫೋನಿನಲ್ಲಿ ಮುದ್ರಿಸುವ ಮೊದಲು ಕೇಳಬೇಕು. ‘ಕೇಳಿದವರಿಗೆ ಇಲ್ಲವೆಂದದ್ದು ನೆನಪಿಲ್ಲ,’ ಎಂದರು ಆ ಹಿರಿಯರು.

ಬರೆನ್‌ನ ಸುಣ್ಣಕಲ್ಲಿನ ಗುಡ್ಡಗಳು ಬೂದು ಬಣ್ಣದ ದೊಡ್ಡ ಹಾಸು. ಸೀಳುಗಳ ನಡುವೆ ಹೂವು. ಕಾರ್ಕ್‌ಸ್ಕ್ರೂ ಗುಡ್ಡದ ತಿರುವು ಇಳಿದರೆ ಗಾಲ್ವೇ ಕೊಲ್ಲಿ. ಈ ಇಳುಕಲಿನಲ್ಲಿ ಕ್ಲೇರ್ ಎಫ್‌ಎಂ ಕರಗಿ ಗಾಲ್ವೇಯ ಕೇಂದ್ರಗಳು ಬರುತ್ತವೆ.

ಗಾಲ್ವೇಯ ವಿದ್ಯಾರ್ಥಿಗಳ ಕೇಂದ್ರ ಫ್ಲರ್ಟ್ ಎಫ್‌ಎಂ, 101.3ರಲ್ಲಿ. 1995ರಿಂದ ನಡೆಯುತ್ತಿದೆ. ಡಬ್ಲಿನ್ನಿನಲ್ಲಿ ಐರಿಷ್ ಭಾಷೆಯ ಸಮುದಾಯ ಕೇಂದ್ರ ರೇಡಿಯೊ ನ ಲಿಫ಼ೆ 1993ರಿಂದ ಇದೆ. ಇಂದಿನ ಯುವ ನಿರೂಪಕರು ಕಲಿಯುವುದು ಇಂಥ ಸಣ್ಣ ಕೋಣೆಗಳಲ್ಲಿ, ಸಂಬಳವಿಲ್ಲದೆ. ಊರ ತಂಡವೊಂದು ಹಾಡು ಕಳಿಸುವ ಕ್ರಮ ಈಗ ಹೀಗಿದೆ: ಬಿಡುಗಡೆಗೆ ಮೂರು ನಾಲ್ಕು ವಾರ ಮೊದಲು, ಡಬ್ಲ್ಯೂಎವಿ ಎಂಬ ಧ್ವನಿ ಕಡತ, ಬೈಗುಳವಿಲ್ಲದ ಮೂರೂವರೆ ನಿಮಿಷದ ಆವೃತ್ತಿ, ಧ್ವನಿಮುದ್ರಣವನ್ನು ಗುರುತಿಸುವ ಹನ್ನೆರಡು ಅಕ್ಷರದ ಐಎಸ್‌ಆರ್‌ಸಿ ಸಂಕೇತ. ಇಮ್ರೊ ಎಂಬ ಹಕ್ಕುಸಂಸ್ಥೆಯಲ್ಲಿ ಹಾಡು ಬರೆದವರ ಹೆಸರು ನೋಂದಣಿಯಾಗಿರಬೇಕು. ಅದಿಲ್ಲದೆ ಹಾಡು ನೂರು ಸಲ ಬಂದರೂ ಬರೆದವರಿಗೆ ಹಣ ಸೇರುವುದಿಲ್ಲ. ಹೆಚ್ಚು ಮಂದಿ ಎಡವುವುದು ಕಡತದ ಹೆಸರಿನಲ್ಲಿ: ‘ಫೈನಲ್ ಮಿಕ್ಸ್ 3’ ಎಂದು ಬಂದ ಹಾಡು ಯಾರದೆಂದು ಮರುವಾರ ಯಾರಿಗೂ ತಿಳಿಯುವುದಿಲ್ಲ.

ಹಾಡು ತಲುಪಿದ ಮೇಲೂ ದಾರಿ ಸುಲಭವಿಲ್ಲ. ಐರಿಷ್ ಸಂಗೀತಕ್ಕೆ ಪಾಲು ಕೊಡುತ್ತೇವೆಂದು ಒಪ್ಪಿದ ಕೇಂದ್ರವೂ ಆ ಪಾಲನ್ನು ನಡುರಾತ್ರಿಯಲ್ಲಿ ತುಂಬಿದರೆ ಅದು ಕೇಳಿಸಿದಂತಲ್ಲ. 2020ರಲ್ಲಿ ‘ವೈ ನಾಟ್ ಹರ್’ ಬಳಗ ಹೊರತಂದ ವರದಿ ಇನ್ನೊಂದು ಕೊರತೆಯನ್ನು ಎತ್ತಿ ತೋರಿಸಿತು: ಐರಿಷ್ ಕೇಂದ್ರಗಳು ಹೆಚ್ಚು ನುಡಿಸುವ ಸ್ವದೇಶಿ ಹಾಡುಗಳಲ್ಲಿ ಹೆಣ್ಣುಮಕ್ಕಳ ಪಾಲು ತೀರಾ ಕಡಿಮೆ, ಕೆಲವೆಡೆ ಇಲ್ಲವೇ ಇಲ್ಲ. ತನ್ನ ನೆಲದ ಹಾಡು ಎನ್ನುವವರು ಆ ನೆಲದ ಅರ್ಧ ಜನರನ್ನು ಬಿಟ್ಟರೆ ಹೇಗೆ?

ಐದನೇ ದಿನ, ಶುಕ್ರವಾರ: ಕಾಸ್ಲ, ರೋಸ್ ಮಕ್

ಗಾಲ್ವೇಯಿಂದ ಸ್ಪಿಡಲ್ ದಾಟಿ ಕಡಲಂಚಿನ ದಾರಿ. ಕಲ್ಲಿನ ಗೋಡೆಗಳ ಸಣ್ಣ ಹೊಲ, ಕಂದು ನೀರಿನ ಕೆರೆ, ಉರುವಲಿಗಾಗಿ ಒಣಗಲು ಒಟ್ಟಿದ ಪೀಟ್ ಮಣ್ಣಿನ ಹೆಂಟೆಗಳು. ಇಲ್ಲಿಂದ ಮುಂದೆ ಫಲಕಗಳಲ್ಲಿ ಐರಿಷ್ ಹೆಸರು ಮಾತ್ರ. ನಕ್ಷೆಯಲ್ಲಿ ಇಂಗ್ಲಿಷ್ ಹೆಸರು ಹುಡುಕಿಕೊಂಡು ಹೊರಟರೆ ದಾರಿ ತಪ್ಪುತ್ತದೆ. ಅಂಗಡಿಯಲ್ಲಿ ‘ಗೊರವ್ ಮಹ ಅಗತ್’ ಎಂದು ಧನ್ಯವಾದ ಹೇಳಿದರೆ ಮಾತು ಬೆಳೆಯುತ್ತದೆ.

1970ರ ಈಸ್ಟರ್ ಹೊತ್ತಿಗೆ ಭಾಷಾ ಹಕ್ಕಿಗಾಗಿ ಹೋರಾಡುತ್ತಿದ್ದ ಯುವಕರು ರೋಸ್ ಮಕ್‌ನಲ್ಲಿ ಪರವಾನಗಿಯಿಲ್ಲದ ಕೇಂದ್ರವೊಂದನ್ನು ನಡೆಸಿದರು. ತಮ್ಮ ಮಾತಿನಲ್ಲಿ, ತಮ್ಮ ಹಾಡಿನೊಂದಿಗೆ, ಕೆಲವೇ ದಿನ. ಎರಡು ವರ್ಷದಲ್ಲಿ, 1972ರ ಏಪ್ರಿಲ್ 2ರ ಈಸ್ಟರ್ ಭಾನುವಾರ, ಸರ್ಕಾರವೇ ರೇಡಿಯೊ ನ ಗೇಲ್ಟಾಕ್ಟ ಆರಂಭಿಸಿತು, ಮುಖ್ಯ ಕಚೇರಿ ಕಾಸ್ಲದಲ್ಲಿ. ಬಹಳ ಕಾಲ ಈ ಕೇಂದ್ರ ಇಂಗ್ಲಿಷ್ ಸಾಹಿತ್ಯದ ಹಾಡನ್ನು ನುಡಿಸಲೇ ಇಲ್ಲ. 2005ರಲ್ಲಿ ರಾತ್ರಿಯ ಯುವ ಕಾರ್ಯಕ್ರಮಕ್ಕೆ ಮಾತ್ರ ಬಾಗಿಲು ತೆರೆಯಿತು. ಕಟ್ಟುನಿಟ್ಟು ಎನಿಸಬಹುದು, ಆದರೆ ಆ ಕಟ್ಟಿನಿಂದಲೇ ಷಾನ್-ನೋಸ್ ಹಾಡುಗಾರರ ದೊಡ್ಡ ಸಂಗ್ರಹ ಬೆಳೆಯಿತು. ಷಾನ್-ನೋಸ್ ಎಂದರೆ ಹಳೆಯ ರೀತಿ: ಪಕ್ಕವಾದ್ಯವಿಲ್ಲ, ತಾಳದ ಕಟ್ಟಿಲ್ಲ, ಪ್ರತಿ ಚರಣದಲ್ಲೂ ಗಮಕದಂಥ ಒಲಪು ಬೇರೆ. ಹಾಡುವವರ ಕೈ ಹಿಡಿದು ಪಕ್ಕದವರು ಮೆಲ್ಲಗೆ ತಿರುಗಿಸುತ್ತಿರುವುದೂ ಉಂಟು. ಒಂದು ಹಾಡಿಗೆ ಎಂಟು ನಿಮಿಷವಾದರೂ ಇಲ್ಲಿ ಅರ್ಧಕ್ಕೆ ಕತ್ತರಿಸುವುದಿಲ್ಲ.

ಪಬ್ಬುಗಳ ಅಡುಗೆಮನೆ ರಾತ್ರಿ ಒಂಬತ್ತಕ್ಕೆ ಮುಚ್ಚಿತು. ಬೆಳಕು ಇನ್ನೂ ಇದ್ದದ್ದರಿಂದ ಹೊತ್ತು ತಿಳಿಯಲಿಲ್ಲ. ರಾತ್ರಿಯ ಊಟ ಬಿಸ್ಕತ್ತು, ಚಹಾದಲ್ಲಿ ಮುಗಿಯಿತು.

ಆರನೇ ದಿನ, ಶನಿವಾರ: ಬೆಲ್‌ಫಾಸ್ಟ್

ಮುಂಜಾನೆ ಐದಕ್ಕೆ ಹೊರಟು ಎಂ6, ಎಂ4, ಎಂ50, ಎಂ1 ಹೆದ್ದಾರಿಗಳು. ಗಡಿ ದಾಟಿದ್ದು ತಿಳಿಯುವುದು ವೇಗಮಿತಿಯ ಫಲಕದಿಂದ: ಕಿಲೋಮೀಟರ್ ಹೋಗಿ ಮೈಲಿ. ಅಲ್ಲಿ ಬರೆದ 60 ಎಂದರೆ ಸುಮಾರು 97 ಕಿಲೋಮೀಟರ್. ಯೂರೊ ಬದಲು ಪೌಂಡ್, ಫೋನಿನ ಪ್ಯಾಕೂ ಬೇರೆ. ತಿಂಡಿಗೆ ಅಲೂಗಡ್ಡೆ ಬ್ರೆಡ್ಡು, ಸೋಡಾ ಬ್ರೆಡ್ಡು, ಮೊಟ್ಟೆ, ಅಣಬೆ. ಮಾಂಸ ಬೇಡವೆಂದರೂ ತಟ್ಟೆ ತುಂಬುತ್ತದೆ, ಆದರೆ ಬ್ರೆಡ್ಡನ್ನು ಯಾವ ಕೊಬ್ಬಿನಲ್ಲಿ ಹುರಿದಿದ್ದಾರೆಂದು ಕೇಳಿ.

ಗ್ರೇಟ್ ವಿಕ್ಟೋರಿಯಾ ಬೀದಿಯಲ್ಲಿ 1970ರ ದಶಕದ ಕೊನೆಗೆ ಟೆರಿ ಹೂಲಿ ‘ಗುಡ್ ವೈಬ್ರೇಷನ್ಸ್’ ಎಂಬ ರೆಕಾರ್ಡ್ ಅಂಗಡಿ ನಡೆಸುತ್ತಿದ್ದರು. ಬಾಂಬು, ಗುಂಡಿನ ಕಾಲ. ಸಂಜೆಯಾದರೆ ಪೇಟೆ ಖಾಲಿ. ಡೆರಿಯ ಅಂಡರ್‌ಟೋನ್ಸ್ ತಂಡದ ಹುಡುಗರ ಮೊದಲ ತಟ್ಟೆಯನ್ನು ಅವರು 1978ರಲ್ಲಿ ತಂದರು. ಲಂಡನ್ನಿನ ನಿರೂಪಕ ಜಾನ್ ಪೀಲ್ ಅದರ ಹಾಡನ್ನು ಬಿಬಿಸಿಯಲ್ಲಿ ಒಂದರ ಹಿಂದೊಂದು ಎರಡು ಸಲ ನುಡಿಸಿದರು. ಹೊರಗಿನವರು ಮೆಚ್ಚಿದ ಮೇಲೆ ಊರು ಕಿವಿಗೊಟ್ಟಿತು. ಆ ಕ್ರಮ ತಿರುಗಬೇಕೆಂಬ ಹಟದಿಂದಲೇ ಬಿಬಿಸಿ ರೇಡಿಯೊ ಅಲ್ಸ್ಟರ್‌ನ ‘ಅಕ್ರಾಸ್ ದ ಲೈನ್’ ಊರ ತಂಡಗಳಿಗೆ ಜಾಗ ಕೊಟ್ಟದ್ದು.

ಗಾರ್ಡನ್ ಬೀದಿಯ ಹಳೆಯ ವಿಸ್ಕಿ ಗೋದಾಮಿನಲ್ಲಿ 2007ರಿಂದ ‘ಓ ಯೇ’ ಸಂಗೀತ ಕೇಂದ್ರ ಇದೆ. ಹುಟ್ಟುಹಾಕಿದವರಲ್ಲಿ ಸ್ನೋ ಪಟ್ರೋಲ್ ತಂಡದ ಗ್ಯಾರಿ ಲೈಟ್‌ಬಾಡಿ, ಪತ್ರಕರ್ತ-ನಿರೂಪಕ ಸ್ಟುವರ್ಟ್ ಬೇಲಿ ಇದ್ದಾರೆ. ಇದು ನೋಂದಾಯಿತ ಧರ್ಮಾರ್ಥ ಸಂಸ್ಥೆ. ದೇಣಿಗೆ ಇಲ್ಲಿ ತಾಲೀಮು ಕೋಣೆಯಾಗುತ್ತದೆ, ವೇದಿಕೆಯಾಗುತ್ತದೆ, ಹದಿಹರೆಯದವರು ತಾವೇ ಕಛೇರಿ ಏರ್ಪಡಿಸುವುದನ್ನು ಕಲಿಯುವ ತರಬೇತಿಯಾಗುತ್ತದೆ.

ಸಂಗೀತ ಮತ್ತು ದಾನ ಎಂದ ಕೂಡಲೇ ಐರ್ಲೆಂಡಿನಲ್ಲಿ ನೆನಪಾಗುವುದು ದೊಡ್ಡ ವೇದಿಕೆ. 1985ರಲ್ಲಿ ಬರಪರಿಹಾರಕ್ಕಾಗಿ ನಡೆದ ಲೈವ್ ಏಡ್ ಕಛೇರಿಯನ್ನು ಕಟ್ಟಿದ ಬಾಬ್ ಗೆಲ್ಡಾಫ್ ಡಬ್ಲಿನ್ ಸೀಮೆಯವರು, ಮತ್ತು ಆ ದಿನ ತಲೆಗೆ ಲೆಕ್ಕ ಹಾಕಿದರೆ ಹೆಚ್ಚು ಕೊಟ್ಟದ್ದು ಐರಿಷ್ ಜನ. ಮರುವರ್ಷ ಮೇ 17ರಂದು ಡಬ್ಲಿನ್ನಿನಲ್ಲಿ ನಿರುದ್ಯೋಗಿಗಳಿಗಾಗಿ ಸೆಲ್ಫ್ ಏಡ್ ನಡೆಯಿತು. ನೇರ ಪ್ರಸಾರದಲ್ಲಿ ಹಣದ ಜೊತೆಗೆ ಉದ್ಯೋಗದ ಭರವಸೆಯನ್ನೂ ಕೇಳಿದರು. ಸರ್ಕಾರದ ಹೊಣೆಯನ್ನು ಹಾಡುಗಾರರ ಹೆಗಲಿಗೆ ಹಾಕಿದಂತಾಯಿತು ಎಂಬ ಟೀಕೆ ಆಗಲೇ ಬಂತು, ಅದು ನ್ಯಾಯವಾದ ಟೀಕೆ. 2008ರಿಂದ ನಡೆಯುತ್ತಿರುವ ಕ್ರಿಸ್‌ಮಸ್ ಎಫ್‌ಎಂ ಕ್ರಮ ಹೆಚ್ಚು ಹಿಡಿಸುತ್ತದೆ: ಹಬ್ಬದ ಕಾಲಕ್ಕಷ್ಟೇ ತಾತ್ಕಾಲಿಕ ಪರವಾನಗಿ, ಮೈಕಿನ ಮುಂದೆ ಸ್ವಯಂಸೇವಕರು, ಖರ್ಚು ಪ್ರಾಯೋಜಕರದು, ಕೇಳುಗರ ಹಣ ಆ ವರ್ಷ ಆರಿಸಿದ ಸಂಸ್ಥೆಗೆ.

‘ಓ ಯೇ’ಯ ಒಳಗೆ ಉತ್ತರ ಐರ್ಲೆಂಡಿನ ಸಂಗೀತದ ಪ್ರದರ್ಶನವಿದೆ, ಒಂದು ಗಂಟೆ ಬೇಕು. ಹೊರಗೆ ಬಂದಾಗ ಮೇಲಿನ ಕೋಣೆಯಿಂದ ಡ್ರಮ್ಮಿನ ಸದ್ದು. ಒಂದೇ ಜಾಗದಲ್ಲಿ ತಾಳ ತಪ್ಪುತ್ತಿತ್ತು, ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಐದನೆಯ ಸಲ ದಾಟಿದರು.